ಲಾಭ ಸಮಪಾಲು, ಕೆಲಸ ಆಮೇಲೆ ನೋಡೋಣ

ಹವ್ಯಾಸಿ ಪ್ರೋಗ್ರಾಮರುಗಳ ಗುಂಪಿನಲ್ಲಿ ಮತ್ತೊಂದು ಕರೆ ಹೊರಟಿದೆ. ಎಲ್ಲರೂ ತಾವು ಬರೆದ ಒಂದೊಂದು ಪ್ರೋಗ್ರಾಂ ತನ್ನಿ, ಒಟ್ಟಿಗೆ ಕಟ್ಟಿ ಮಾರೋಣ, ಬಂದ ಲಾಭ ಹಂಚಿಕೊಳ್ಳೋಣ. ಮುಂದಿನದು ನಿಮಗೆ ಗೊತ್ತೇ ಇದೆ. ಮೊದಲ ದಿನ ಅರವತ್ತು ಜನ ‘ನಾನೂ ಇದ್ದೇನೆ’ ಅನ್ನುತ್ತಾರೆ. ಎರಡನೇ ದಿನ ಹೆಸರಿಗೆ ಮತದಾನ, ಮೂರನೇ ದಿನ ಲೋಗೋ. ನಾಲ್ಕನೇ ದಿನ ಲಾಭದ ಪಾಲಿನ ಚರ್ಚೆ ಶುರುವಾಗಿ ಅಲ್ಲೇ ನೆಲೆಸುತ್ತದೆ. ಅಷ್ಟರಲ್ಲಿ ಕೈಸೇರಿದ ಪ್ರೋಗ್ರಾಂಗಳು ಎರಡು: ಒಂದು ಕ್ಯಾಲ್ಕ್ಯುಲೇಟರ್, ಇನ್ನೊಂದು ತೆರೆದುಕೊಳ್ಳುವುದೇ ಇಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನೋಡಿದ್ದೇವೆ. ಇವರು ಆ ಕುಲಾವಿಯ ಬಾಡಿಗೆಯನ್ನೂ ಹಂಚಿಕೊಂಡು ಕೂತಿರುತ್ತಾರೆ.

ಪಾಲಿನ ಸೂತ್ರಗಳನ್ನಂತೂ ಮೆಚ್ಚಲೇಬೇಕು. ಎಲ್ಲರಿಗೂ ಸಮ ಅನ್ನುವವನ ಕೊಡುಗೆ ನಲವತ್ತು ಸಾಲಿನ ಸ್ಟಾಪ್‌ವಾಚ್. ಎರಡು ವರ್ಷ ಕೂತು ಆಟ ಬರೆದವನು ಅದನ್ನು ಕೇಳಿ ಸುಮ್ಮನಾಗುತ್ತಾನೆ. ಕೋಡಿನ ಸಾಲು ಎಣಿಸಿ ಕೊಡೋಣ ಅಂದರೆ ಮರುದಿನ ಬೆಳಗ್ಗೆ ಎಲ್ಲರ ಪ್ರೋಗ್ರಾಮೂ ಎರಡು ಪಟ್ಟು ದಪ್ಪವಾಗಿರುತ್ತದೆ. ಒಬ್ಬ ಮಹಾನುಭಾವ ಯಾರೋ ಬರೆದಿಟ್ಟ ಸಿದ್ಧ ಕೋಡಿನ ಇಡೀ ಲೈಬ್ರರಿಯನ್ನೇ ತನ್ನ ಫೋಲ್ಡರಿಗೆ ತುರುಕಿ ಲಕ್ಷಾಧಿಪತಿಯಾಗಿರುತ್ತಾನೆ. ಡೌನ್‌ಲೋಡ್ ಲೆಕ್ಕದಲ್ಲಿ ಹಂಚೋಣ ಅನ್ನುವವನಿಗೆ, ಇಡೀ ಸಂಕಲನ ಒಂದೇ ಜಿಪ್ ಫೈಲ್ ಆದ್ದರಿಂದ ಡೌನ್‌ಲೋಡೂ ಒಂದೇ ಎಂದು ಹೇಳುವ ಧೈರ್ಯ ಯಾರಿಗೂ ಇರುವುದಿಲ್ಲ. ದುಡಿದ ಗಂಟೆಗಳ ಲೆಕ್ಕ ಅಂದರೆ, ಅವರವರಿಗೆ ಅವರವರೇ ಸಾಕ್ಷಿ.

ಅಂದ ಹಾಗೆ, ಹಂಚುವುದು ಎಷ್ಟು? ಐದು ಡಾಲರ್ ಬೆಲೆ ಇಟ್ಟು ಇನ್ನೂರು ಪ್ರತಿ ಮಾರಿದೆವು ಅಂದುಕೊಳ್ಳಿ. ಸಾವಿರ ಡಾಲರ್! ಕಾರ್ಡಿನ ಹಣ ದಾಟಿಸುವವರ ಸಾಮಾನ್ಯ ದರ ಶೇ 2.9, ಅದರ ಮೇಲೆ ಪ್ರತಿ ವ್ಯವಹಾರಕ್ಕೆ 30 ಸೆಂಟ್. ಅಲ್ಲಿಗೆ 89 ಡಾಲರ್ ಹೋಯಿತು. ಮಾರಿಕೊಟ್ಟ ಆನ್‌ಲೈನ್ ಅಂಗಡಿ ಶೇ 10 ಹಿಡಿದರೆ ಇನ್ನೊಂದು ನೂರು. ಉಳಿದದ್ದು 811. ಅರವತ್ತರಲ್ಲಿ ಕೊನೆಗೆ ಉಳಿದ ನಲವತ್ತು ಜನರಿಗೆ ತಲಾ 20 ಡಾಲರ್ 27 ಸೆಂಟ್, ಮಿಕ್ಕಿದ್ದು 20 ಸೆಂಟ್. ಆ ಇಪ್ಪತ್ತು ಸೆಂಟ್ ಯಾರದ್ದು ಎಂಬ ಚರ್ಚೆಗೆ ಎರಡು ವಾರ ಮೀಸಲಿಡಿ. ಲೋಗೋ ಬರೆದವನಿಗೆ ಮೊದಲೇ ಮಾತು ಕೊಟ್ಟಿದ್ದ ಐವತ್ತು ಡಾಲರ್ ಖರ್ಚೋ, ಅವನ ಪಾಲೋ ಎಂಬುದಕ್ಕೆ ಇನ್ನೆರಡು. ಜನರಿಗೆ ಅಗ್ಗವಾಗಿರಲಿ ಎಂದು ಒಂದೇ ಡಾಲರಿಗೆ ಮಾರುವ ದಾನಶೂರರಿದ್ದರೆ 33 ಸೆಂಟ್, ಅಂದರೆ ಮೂರನೇ ಒಂದು ಪಾಲು, ಕಾರ್ಡಿನವರಿಗೇ ಅರ್ಪಣೆ.

‘ಇಷ್ಟ ಬಂದಷ್ಟು ಕೊಡಿ’ ಎಂದು ಬಿಟ್ಟುಬಿಡೋಣ ಅನ್ನುವ ಆದರ್ಶವಾದಿ ಒಬ್ಬ ಇದ್ದೇ ಇರುತ್ತಾನೆ. ಅವನ ಬಾಯಲ್ಲಿ 2010ರ ಮೇ ತಿಂಗಳ ಹಂಬಲ್ ಇಂಡೀ ಬಂಡಲ್ ಎಂಬ ಆಟಗಳ ಕಟ್ಟಿನ ಹೆಸರು ಬರದೆ ಸಭೆ ಮುಗಿಯದು. ಹೌದು, ಅದು ಹತ್ತು ಲಕ್ಷ ಡಾಲರ್ ದಾಟಿತು. ಎಷ್ಟು ಪಾಲು ಆಟ ಬರೆದವರಿಗೆ, ಎಷ್ಟು ದಾನಕ್ಕೆ ಎಂದು ಕೊಳ್ಳುವವರೇ ಗುಂಡಿ ಸರಿಸಿ ತೀರ್ಮಾನಿಸುತ್ತಿದ್ದರು. ಆದರೆ ಅದರೊಳಗೆ ವರ್ಲ್ಡ್ ಆಫ್ ಗೂ ಇತ್ತು, ಅಕ್ವೇರಿಯಾ ಇತ್ತು. ಅದಾಗಲೇ ಪೂರ್ಣ ಬೆಲೆಗೆ ಮಾರಾಟವಾಗಿ ಹೆಸರು ಮಾಡಿದ್ದ ಆಟಗಳು. ನಮ್ಮಲ್ಲಿರುವುದು ಕ್ಯಾಲ್ಕ್ಯುಲೇಟರ್. ಮನುಷ್ಯಸ್ವಭಾವದ ಬಗ್ಗೆ ಅದೇ ಪ್ರಸಂಗ ಕಲಿಸಿದ ಇನ್ನೊಂದು ಪಾಠವನ್ನು ಮಾತ್ರ ಯಾರೂ ಎತ್ತುವುದಿಲ್ಲ. ಒಂದು ಸೆಂಟ್ ಕೊಟ್ಟರೂ ಸಿಗುತ್ತಿದ್ದ, ಅದರಲ್ಲಿ ಒಂದಂಶ ದಾನಕ್ಕೂ ಹೋಗುತ್ತಿದ್ದ ಆ ಬಂಡಲನ್ನೂ ಕದ್ದು ಇಳಿಸಿಕೊಂಡವರು ಸುಮಾರು ಶೇ 25 ಇದ್ದಾರೆಂದು ಅದನ್ನು ಮಾರಿದವರೇ ಅಂದಾಜು ಮಾಡಿದ್ದರು. ಒಂದು ಸೆಂಟ್ ಉಳಿಸಲು ಪಡುವ ಆ ಪ್ರಯಾಸಕ್ಕೂ ಒಂದು ಪ್ರಶಸ್ತಿ ಇರಬೇಕಿತ್ತು.

ಇನ್ನು ಲೈಸೆನ್ಸ್, ಅಂದರೆ ಬಳಸಲು, ಹಂಚಲು ಬರೆದವನು ಕೊಡುವ ಅನುಮತಿ. ಇದನ್ನು ಯಾರೂ ಕೇಳುವುದಿಲ್ಲ, ಕೇಳಿದವನು ರಸಭಂಗ ಮಾಡಿದವನು. ‘ಲೈಸೆನ್ಸ್ ಏನೂ ಇಲ್ಲ ಸಾರ್, ಫ್ರೀ’ ಅಂತ ಒಬ್ಬ ಎದೆ ತಟ್ಟಿ ಹೇಳುತ್ತಾನೆ. ಲೈಸೆನ್ಸ್ ಬರೆದಿಲ್ಲ ಅಂದರೆ ಅರ್ಥ ಉಲ್ಟಾ: ಎಲ್ಲ ಹಕ್ಕೂ ಬರೆದವನ ಬಳಿಯೇ ಉಳಿದಿದೆ, ಬೇರೆ ಯಾರೂ ಮಾರುವಂತಿಲ್ಲ. ಇನ್ನೊಬ್ಬನ ಆಟದ ಸಂಗೀತ ಷರತ್ತಿನ ಮೇಲೆ ಬಳಸಲು ಬಿಡುವ ಕ್ರಿಯೇಟಿವ್ ಕಾಮನ್ಸ್‌ನದು, ಚೀಟಿಯಲ್ಲಿ ‘ಎನ್‌ಸಿ’ ಎಂದಿದೆ, ಅಂದರೆ ವ್ಯಾಪಾರಕ್ಕೆ ಬಳಸಬಾರದು. ಅವನು ಓದಿದ್ದು ‘ಉಚಿತ’ ಎಂಬಲ್ಲಿವರೆಗೆ ಮಾತ್ರ. ಓಪನ್ ಫಾಂಟ್ ಲೈಸೆನ್ಸ್‌ನ ಅಕ್ಷರಗಳನ್ನು ಸಾಫ್ಟ್‌ವೇರ್ ಜೊತೆ ಕಟ್ಟಿ ಮಾರಬಹುದು, ಫಾಂಟನ್ನೇ ಬಿಡಿಯಾಗಿ ಮಾರುವಂತಿಲ್ಲ. ನಮ್ಮವರು ‘ಬೋನಸ್ ಫಾಂಟ್ ಪ್ಯಾಕ್’ ಅಂತ ಪ್ರತ್ಯೇಕ ಬೆಲೆ ಹಚ್ಚಿರುತ್ತಾರೆ. ಐಕಾನ್‌ಗಳು ಎಲ್ಲಿಂದ ಬಂದವು ಎಂದು ಕೇಳಿದರೆ ‘ಇಂಟರ್ನೆಟ್ಟಿಂದ’. ಮಳೆ ಆಕಾಶದಿಂದ ಬಂತು ಅನ್ನುವಷ್ಟೇ ಉಪಯುಕ್ತವಾದ ಉತ್ತರ.

ಮುಕ್ತ ಸಾಫ್ಟ್‌ವೇರ್‌ನ ಲೈಸೆನ್ಸ್‌ಗಳಲ್ಲೊಂದಾದ ಜಿಪಿಎಲ್ ಅಂದರೆ ಮಾರಬಾರದು ಎಂದು ಅರ್ಧ ಜನ, ಜಿಪಿಎಲ್ ಅಂದರೆ ಏನು ಬೇಕಾದರೂ ಮಾಡಬಹುದು ಎಂದು ಇನ್ನರ್ಧ. ಎರಡೂ ತಪ್ಪು. ಧಾರಾಳವಾಗಿ ಮಾರಬಹುದು. ಮುಂದೆ ಆ ಲೈಸೆನ್ಸ್ ಬರೆದ ಸ್ಟಾಲ್ಮನ್ ಅವರೇ 1985ರಲ್ಲಿ ಈಮ್ಯಾಕ್ಸ್ ಎಂಬ ಪಠ್ಯ ಬರೆಯುವ ಪ್ರೋಗ್ರಾಮಿನ ಟೇಪನ್ನು 150 ಡಾಲರಿಗೆ ಮಾರಿದವರು. ಆದರೆ ಕೊಂಡವನಿಗೆ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮಿನ ಮೂಲ ಬರಹ, ಕೊಡಬೇಕು. ಜೊತೆಯಲ್ಲೇ ಕೊಡದಿದ್ದರೆ ಎರಡನೇ ಆವೃತ್ತಿಯ ಪ್ರಕಾರ ಕನಿಷ್ಠ ಮೂರು ವರ್ಷ ಕೇಳಿದವರಿಗೆಲ್ಲ ಕೊಡುತ್ತೇವೆಂದು ಬರೆದುಕೊಡಬೇಕು. ಕೊಂಡವನು ಅದನ್ನು ಊರೆಲ್ಲ ಹಂಚಿದರೂ ತಡೆಯುವಂತಿಲ್ಲ. ಹಾಗಾಗಿ ಮುಖಪುಟದಲ್ಲಿ ಕೆಂಪಕ್ಷರದಲ್ಲಿ ‘ಈ ಸಂಕಲನವನ್ನು ನಕಲು ಮಾಡುವುದು ಅಪರಾಧ’ ಎಂದು ಹಾಕುತ್ತಾರಲ್ಲ, ಒಳಗೆ ಜಿಪಿಎಲ್ ಪ್ರೋಗ್ರಾಂ ಇದ್ದರೆ ಲೈಸೆನ್ಸ್ ಮುರಿಯುತ್ತಿರುವುದು ಆ ಎಚ್ಚರಿಕೆಯೇ. ಸೋರ್ಸ್ ಎಲ್ಲಿ ಎಂದು ಕೇಳಿ ನೋಡಿ: ‘ಹಳೇ ಲ್ಯಾಪ್‌ಟಾಪ್‌ನಲ್ಲಿತ್ತು.’

ಕಟ್ಟಿ ಮಾರುವುದು ಹೊಸ ಐಡಿಯಾ ಅಂತ ಬೇರೆ ಹೇಳಿಕೊಳ್ಳುತ್ತಾರೆ. ಡ್ಯೂಕ್ ನ್ಯೂಕೆಮ್ 3ಡಿ ಬಂದದ್ದು 1996ರಲ್ಲಿ. ಹೊಸ ಹಂತಗಳನ್ನು ಕಟ್ಟುವ ಎಡಿಟರನ್ನು ಆಟದ ಜೊತೆಗೇ ಕೊಟ್ಟಿದ್ದರು. ಕಟ್ಟಿದ್ದನ್ನು ಉಚಿತವಾಗಿ ಮಾತ್ರ ಹಂಚಬೇಕು ಎಂಬುದು ಷರತ್ತು. ಅಭಿಮಾನಿಗಳು ನಿದ್ದೆಗೆಟ್ಟು ಕಟ್ಟಿದರು, ಹಂಚಿದರು. ಮೈಕ್ರೋ ಸ್ಟಾರ್ ಎಂಬ ಕಂಪನಿ ಅವುಗಳಲ್ಲಿ 300 ಇಳಿಸಿಕೊಂಡು ‘ನ್ಯೂಕ್ ಇಟ್’ ಅಂತ ಸಿಡಿ ಒತ್ತಿ ಅಂಗಡಿಗಿಟ್ಟಿತು. ಜಗಳ ಕೋರ್ಟಿಗೆ ಹೋಯಿತು. ಆ ಫೈಲುಗಳಲ್ಲಿ ಆಟದ ಒಂದೇ ಒಂದು ಚಿತ್ರವೂ ಇರಲಿಲ್ಲ, ಯಾವ ಚಿತ್ರ ಎಲ್ಲಿಡಬೇಕು ಎಂಬ ಸೂಚನೆಗಳಷ್ಟೇ ಇದ್ದವು. ಆದರೂ ಇವು ಡ್ಯೂಕ್‌ನ ಕಥೆಯ ಮುಂದುವರಿದ ಭಾಗಗಳು, ಕಥೆಯ ಹಕ್ಕು ಆಟದವರದು ಎಂದು 1998ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಹೇಳಿತು. ಎರಡು ಕಂಪನಿಗಳ ಹೋರಾಟ, ಎರಡು ಕಡೆ ವಕೀಲರು. ಆ ಮುನ್ನೂರು ಹಂತಗಳನ್ನು ಕಟ್ಟಿದವರು? ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

2015ರ ಏಪ್ರಿಲ್‌ನಲ್ಲಿ ಸ್ಕೈರಿಮ್ ಆಟದ ಮಾಡ್‌ಗಳನ್ನು, ಅಂದರೆ ಅಭಿಮಾನಿಗಳು ಬರೆದ ಸೇರ್ಪಡೆಗಳನ್ನು, ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಮಾರಲು ಬಿಟ್ಟರು. ಮಾಡ್ ಬರೆದವನಿಗೆ ಶೇ 25, ಮಿಕ್ಕಿದ್ದು ಅಂಗಡಿಗೆ ಮತ್ತು ಆಟದ ಕಂಪನಿಗೆ. ಮೀನು ಹಿಡಿಯುವ ಒಂದು ಮಾಡ್ ಇನ್ನೊಬ್ಬರ ಅನಿಮೇಷನ್ ಕೆಲಸದ ಮೇಲೆ ನಿಂತಿದೆ ಎಂಬ ತಕರಾರೆದ್ದು ತಕ್ಷಣ ಇಳಿದುಹೋಯಿತು. 23ಕ್ಕೆ ಶುರುವಾದದ್ದು 27ಕ್ಕೆ ಬಂದ್, ಕೊಂಡವರಿಗೆ ಹಣ ವಾಪಸ್.

ಇದರಲ್ಲಿ ನಗುವುದಕ್ಕೇನೂ ಇಲ್ಲ. ಜನ ಪ್ರೀತಿಗೆ ಮಾಡಿದ ಕೆಲಸದ ಮೇಲೆ ಇನ್ನೊಬ್ಬ ಬೆಲೆಚೀಟಿ ಅಂಟಿಸುತ್ತಾನೆ. ಕೇಳಿದರೆ ‘ನಿಮಗೆ ಪ್ರಚಾರ ಸಿಕ್ಕಿತಲ್ಲ’ ಅನ್ನುತ್ತಾನೆ. ಪ್ರತಿ ಸಲ ಇದೇ. ಸಣ್ಣ ಗುಂಪುಗಳಲ್ಲೂ ಇದೇ, ಅಲ್ಲಿ ಮೊತ್ತ ಸಣ್ಣದು ಅಷ್ಟೇ.

ಅಮಿಗಾ ಎಂಬ ಹಳೇ ಗಣಕದ ಕಾಲದ ಫ್ರೆಡ್ ಫಿಶ್ ನೆನಪಾಗುತ್ತಾರೆ. ಮುಕ್ತವಾಗಿ ಹಂಚಬಹುದಾದ ಪ್ರೋಗ್ರಾಂಗಳನ್ನು ಆಯ್ದು, ಒಂದೊಂದು ಫ್ಲಾಪಿಯ ಮೇಲೂ ಅದರಲ್ಲೇನಿದೆ ಎಂಬ ವಿವರ ಹಾಕಿ, ಸಂಖ್ಯೆ ಕೊಟ್ಟು, ಸಾವಿರಕ್ಕೂ ಹೆಚ್ಚು ಡಿಸ್ಕ್ ಹೊರತಂದರು. ಅಲ್ಲಿ ಪಾಲು ಹಂಚುವ ಸಮಿತಿ ಇರಲಿಲ್ಲ, ಕೂತು ಪರೀಕ್ಷಿಸುವ ಒಬ್ಬ ಮನುಷ್ಯ ಇದ್ದರು.

ನಮ್ಮ ಗುಂಪಿನಲ್ಲಿ ಆ ಕೆಲಸ ಹೊರುವ ಒಬ್ಬ ಮನುಷ್ಯನ ಪಾಲು ಯಾವ ಸೂತ್ರದಲ್ಲೂ ಇರುವುದಿಲ್ಲ ನೋಡಿ. ನಲವತ್ತು ಪ್ರೋಗ್ರಾಂಗಳನ್ನೂ ಏನೂ ಇನ್‌ಸ್ಟಾಲ್ ಆಗದ ಖಾಲಿ ವಿಂಡೋಸ್‌ನಲ್ಲಿ ತೆರೆದು ನೋಡಬೇಕಾದವನು ಅವನೇ. ಬರೆದವನ ಗಣಕದಲ್ಲಿ ಓಡುತ್ತದೆ, ಬೇರೆ ಕಡೆ ಅದು ಓಡಲು ಬೇಕಾದ ವಿಷುವಲ್ ಸಿ++ ರನ್‌ಟೈಮ್ ಇಲ್ಲದೆ ನಿಂತುಬಿಡುತ್ತದೆ. ಎರಡು ಪ್ರೋಗ್ರಾಂಗಳು ತಮಗೆ ಬೇಕಾದ ಸಹಾಯಕ ಫೈಲ್, ಅಂದರೆ ಒಂದೇ ಹೆಸರಿನ ಡಿಎಲ್‌ಎಲ್‌ನ ಬೇರೆ ಬೇರೆ ಆವೃತ್ತಿ ತಂದಿವೆ. ಒಂದೇ ಫೋಲ್ಡರಿಗೆ ಹಾಕಿದರೆ ಒಂದು ಸಾಯುತ್ತದೆ. ಗಾತ್ರ ಇಳಿಸಲು ಯುಪಿಎಕ್ಸ್‌ನಲ್ಲಿ ಒತ್ತಿಟ್ಟ ಫೈಲನ್ನು ಆಂಟಿವೈರಸ್ ವೈರಸ್ಸೆಂದೇ ಹಿಡಿಯುತ್ತದೆ, ಆಮೇಲೆ ಇಡೀ ಸಂಕಲನಕ್ಕೇ ಕಳಂಕ. ‘Data’ ಅಂತ ಫೋಲ್ಡರ್, ಕೋಡಿನಲ್ಲಿ ‘data’. ದೊಡ್ಡಕ್ಷರ ಸಣ್ಣಕ್ಷರದ ಈ ವ್ಯತ್ಯಾಸವನ್ನು ವಿಂಡೋಸ್ ಸಹಿಸಿಕೊಳ್ಳುತ್ತದೆ, ಲಿನಕ್ಸ್ ಸಹಿಸುವುದಿಲ್ಲ. ಫೋಲ್ಡರಿನೊಳಗೆ ಫೋಲ್ಡರ್ ಇಟ್ಟು ಫೈಲಿನ ವಿಳಾಸವನ್ನು 260 ಅಕ್ಷರ ದಾಟಿಸಿದರೆ ಜಿಪ್ ಬಿಚ್ಚುವಾಗಲೇ ಅರ್ಧ ಫೈಲ್ ಮಾಯ. ಇಷ್ಟನ್ನೂ ಸರಿಪಡಿಸಿ, ಫೈಲ್ ಬದಲಾಗಿಲ್ಲ ಎಂದು ತೋರಿಸುವ ಎಸ್‌ಎಚ್‌ಎ-256 ಮೊತ್ತ ತೆಗೆದು ಮುಗಿಸುವಷ್ಟರಲ್ಲಿ ಸ್ಟಾಪ್‌ವಾಚ್‌ನವನ ಸಂದೇಶ: ‘ಬ್ರೋ, ಹೊಸ ವರ್ಷನ್ ಕಳಿಸಿದೀನಿ, ಬಣ್ಣ ಚೇಂಜ್ ಮಾಡಿದೀನಿ, ಹಾಕ್ಬಿಡಿ.’

ಮಾರಾಟದ ಖಾತೆ ಇರುವುದೂ ಇವನ ಹೆಸರಲ್ಲೇ, ಯಾಕೆಂದರೆ ಬೇರೆ ಯಾರೂ ನಮೂನೆ ತುಂಬಲಿಲ್ಲ. ತೆರಿಗೆಯವರ ಕಣ್ಣಿಗೆ ಸಾವಿರ ಡಾಲರೂ ಇವನ ಆದಾಯ. ಹಣ ಬಂದ ವಾರವೇ ಹಂಚಿ ಆಗುತ್ತದೆ. ತಿಂಗಳುಗಳ ಮೇಲೆ ಯಾರೋ ಕೊಂಡವನು ತನ್ನ ಬ್ಯಾಂಕಿಗೆ ‘ಈ ಪಾವತಿ ನಾನು ಮಾಡಿದ್ದಲ್ಲ’ ಎಂದು ದೂರು ಕೊಡುತ್ತಾನೆ. ಐದು ಡಾಲರ್ ವಾಪಸ್ ಹೋಗುವುದರ ಜೊತೆಗೆ ದಂಡ ಹದಿನೈದು ಡಾಲರ್. ತಲಾ ಐವತ್ತು ಸೆಂಟ್ ಕಳಿಸಿ ಎಂದು ಇವನು ಮೂವತ್ತೊಂಬತ್ತು ಜನರಿಗೂ ಬರೆಯುತ್ತಾನೆ. ಉತ್ತರಿಸುವವನು ಒಬ್ಬನೇ, ಮುಂದಿನ ಸಂಕಲನ ಯಾವಾಗ ಎಂದು ಕೇಳಲು.