‘ಗುಪ್ತ ರೋಗ’ ಅನ್ನುವ ಹೆಸರು ಬಿಡೋಣ

ಲಂಡನ್ನಿಗೆ ಬಂದು ಹನ್ನೊಂದು ವರ್ಷವಾಯಿತು. ಹೋದ ಚಳಿಗಾಲದಲ್ಲಿ ದಾವಣಗೆರೆ ಕಡೆಯ ಗೆಳೆಯನೊಬ್ಬ ಉರಿಮೂತ್ರದಿಂದ ಒದ್ದಾಡುತ್ತಿದ್ದ. ಯಾರಿಗೂ ಹೇಳದೆ ಊರಿನ ಮೆಡಿಕಲ್ ಶಾಪಿಗೆ ಫೋನ್ ಮಾಡಿ ಮಾತ್ರೆಯ ಹೆಸರು ಕೇಳಿದ್ದ. ಅಜಿಥ್ರೊಮೈಸಿನ್ ಅಂದರಂತೆ. ಲೈಂಗಿಕ ಸಂಪರ್ಕದಿಂದ ಹರಡುವ ಗೊನೊರಿಯಾ ಸೋಂಕಿನ ಎಷ್ಟೋ ತಳಿಗಳು ಈಗ ಆ ಮಾತ್ರೆಗೆ ಬಗ್ಗುವುದಿಲ್ಲ. ನಾನೇ ಹಟ ಹಿಡಿದು ಅವನನ್ನು ಲೈಂಗಿಕ ಆರೋಗ್ಯ ಕ್ಲಿನಿಕ್ಕಿಗೆ ಕರೆದೊಯ್ದೆ. ಮದುವೆ ಆಗಿದೆಯಾ, ಯಾವ ಊರು, ಯಾರೂ ಕೇಳಲಿಲ್ಲ. ಪರೀಕ್ಷೆಗಾಗಲಿ ಇಂಜೆಕ್ಷನ್ನಿಗಾಗಲಿ ಒಂದು ಪೆನ್ನಿ ಕೊಡಲಿಲ್ಲ. ಅವನ ಜೊತೆಗಿದ್ದವಳಿಗೆ, ಅವನ ಹೆಸರು ಹೇಳದೆ, ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಕ್ಲಿನಿಕ್ಕಿನವರೇ ಮೆಸೇಜು ಕಳಿಸಿದರು.

ಇದು ನಿನ್ನೆ ಮೊನ್ನೆಯ ಏರ್ಪಾಡಲ್ಲ. ಉಚಿತವಾಗಿ, ಗುಟ್ಟು ಕಾಪಾಡಿ ಚಿಕಿತ್ಸೆ ಕೊಡಬೇಕೆಂದು ಬ್ರಿಟನ್ 1916ರಲ್ಲೇ ನಿಯಮ ಮಾಡಿತು. ಮರುವರ್ಷವೇ ನಕಲಿ ವೈದ್ಯರ ಜಾಹೀರಾತಿಗೆ ಕಾನೂನಿನ ತಡೆ ಬಂತು.

ಹಾಗಂತ ಇಲ್ಲಿ ಸೋಂಕು ಕಮ್ಮಿಯೇನಲ್ಲ. 2023ರಲ್ಲಿ ಇಂಗ್ಲೆಂಡಿನಲ್ಲಿ 85,000ಕ್ಕೂ ಹೆಚ್ಚು ಗೊನೊರಿಯಾ ಪ್ರಕರಣ ದಾಖಲಾದವು. 1918ರಲ್ಲಿ ಲೆಕ್ಕ ಇಡಲು ಶುರುಮಾಡಿದ ಮೇಲೆ ಅಷ್ಟು ಯಾವತ್ತೂ ಇರಲಿಲ್ಲ. ಹರೆಯದವರಲ್ಲಿ, ಸಲಿಂಗಿ ಪುರುಷರಲ್ಲಿ, ಅದರಲ್ಲೂ ಲಂಡನ್ನಿನಲ್ಲಿ ಹೆಚ್ಚು. ಆದರೆ ಸಂಖ್ಯೆ ಕಣ್ಣೆದುರು ಇದ್ದುದರಿಂದಲೇ 2025ರ ಆಗಸ್ಟಿನಿಂದ ಅಪಾಯ ಹೆಚ್ಚಿರುವವರಿಗೆ ಉಚಿತ ಲಸಿಕೆಯೂ ಸಿಗತೊಡಗಿತು.

ನಮ್ಮಲ್ಲೂ ಕಾನೂನಿದೆ. ಇಂಥ ಕಾಯಿಲೆಗಳಿಗೆ ಮದ್ದು ಕೊಡುತ್ತೇವೆಂಬ ಜಾಹೀರಾತನ್ನು 1954ರ ಕಾಯಿದೆ ನಿಷೇಧಿಸಿದೆ. ಆದರೂ ಊರಿಗೆ ಬಂದಾಗಲೆಲ್ಲ ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ‘ಗುಪ್ತ ರೋಗ ತಜ್ಞರು’ ಕಾಣಸಿಗುತ್ತಾರೆ, ಇಂಥ ತಾರೀಖು ಇಂಥ ಲಾಡ್ಜಿನಲ್ಲಿ ಅಂತ. ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್ಕುಗಳಲ್ಲಿ ಬಣ್ಣಬಣ್ಣದ ಕಿಟ್‌ಗಳಲ್ಲಿ ಔಷಧ ಉಚಿತವಾಗಿ ಸಿಗುತ್ತದೆ. ಆ ಕ್ಲಿನಿಕ್ಕಿನ ಬೋರ್ಡು ಎಲ್ಲಿದೆ ಎಂದು ಬೆಂಗಳೂರಿನ ಪಿಜಿಯಲ್ಲಿರುವ ನನ್ನ ತಮ್ಮನಿಗೆ ಗೊತ್ತಿಲ್ಲ. ಲಾಡ್ಜಿನ ಹೆಸರು ಗೊತ್ತು.

ಗುಪ್ತ ಎಂದು ಕರೆದದ್ದೇ ದೊಡ್ಡ ತಪ್ಪು ಅಂತ ನನಗನಿಸುತ್ತದೆ. ಲೈಂಗಿಕ ಸೋಂಕು ಅಂದರೆ ಸಾಕು. ಗಂಟಲು ಸೋಂಕು ಅನ್ನುವುದಿಲ್ಲವೇ, ಹಾಗೆ. ಗುಟ್ಟಿನ ಭಾರ ಬೀಳುವುದು ಹೆಚ್ಚಾಗಿ ಹೆಂಗಸಿನ ಮೇಲೆ. ಕ್ಲಮಿಡಿಯಾ ಎಂಬ ಇಂಥದ್ದೇ ಇನ್ನೊಂದು ಸೋಂಕು ತಗಲಿದ ಬಹುಪಾಲು ಹೆಂಗಸರಿಗೆ ನೋವೂ ಇಲ್ಲ, ಉರಿಯೂ ಇಲ್ಲ. ಲಕ್ಷಣ ನೋಡಿ ಕಿಟ್ ಕೊಡುವ ನಮ್ಮ ಪದ್ಧತಿಗೆ ಅವರು ಸಿಗುವುದೇ ಇಲ್ಲ. ಸೋಂಕು ಒಳಗೊಳಗೇ ಗರ್ಭನಾಳ ಮುಚ್ಚಿಸಬಲ್ಲದು. ಗಂಡ ಗುಟ್ಟಾಗಿ ಮಾತ್ರೆ ನುಂಗಿ ವಾಸಿಯಾಗಿರುತ್ತಾನೆ. ಅವಳನ್ನು ಮಾತ್ರ, ಮಕ್ಕಳಾಗಲಿಲ್ಲವೆಂದು, ಅತ್ತೆ ಹರಕೆ ಹೊರಿಸಿ ಗುಡಿಯಿಂದ ಗುಡಿಗೆ ಅಲೆಸುತ್ತಿರುತ್ತಾರೆ.