ಎಟ್ ಮುಂದಿನ ಚುಕ್ಕಿ

ಹೋದ ವರ್ಷ ನಾನು ಒಂದು ಚುಕ್ಕಿಗಾಗಿ ಹನ್ನೊಂದು ದಿನ ಕಳೆದೆ. ರಂಗೋಲಿಯ ಚುಕ್ಕಿಯಲ್ಲ. ವಾಕ್ಯ ಮುಗಿದ ಮೇಲೆ ಇಡುತ್ತೇವಲ್ಲ, ಆ ಚುಕ್ಕಿ. ಇದು ಇರಬಾರದ ಜಾಗದಲ್ಲಿ ಬಂದು ಕೂತಿತ್ತು. ಎಬ್ಬಿಸೋಣ ಅಂತ ಹೋದವನು ನಾನೇ ಅದಕ್ಕೆ ಕುರ್ಚಿ ಹಾಕಿಕೊಟ್ಟು ಬಂದೆ.

ಶುರುವಾದದ್ದು ಅಕ್ಕನ ಮಗಳಿಂದ. ನಮ್ಮ ಕಡೆಯ ಒಂದು ವಿಶ್ವವಿದ್ಯಾಲಯದಲ್ಲಿ ಕೆರೆಗಳ ಇತಿಹಾಸದ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಐದು ವರ್ಷ ಬಿಸಿಲಲ್ಲಿ ಏರಿಯ ಮೇಲೆ ನಡೆದು, ತೂಬಿನೊಳಗೆ ಇಣುಕಿ, ಶಾಸನದ ಕಲ್ಲಿಗೆ ನೀರು ಚಿಮುಕಿಸಿ ಅಕ್ಷರ ಓದಿ, ಇಂಗ್ಲಿಷಿನಲ್ಲಿ ಮುನ್ನೂರು ಪುಟ ಬರೆದಳು. ಪ್ರಬಂಧ ವಾಪಸ್ ಬಂತು. ಜೊತೆಗೊಂದು ಚೀಟಿ: ರೆಫರೆನ್ಸ್ ಫಾರ್ಮ್ಯಾಟ್, ಅಂದರೆ ಓದಿದ ಪುಸ್ತಕ, ಲೇಖನಗಳ ಪಟ್ಟಿ ಬರೆಯುವ ಕ್ರಮ, ಸರಿಯಿಲ್ಲ. ಆ ಕೆರೆಗಳು ನಿಜವಾಗಿ ಇವೆಯಾ, ಅವುಗಳಲ್ಲಿ ನೀರಿದೆಯಾ ಅಂತ ಯಾರೂ ಕೇಳಲಿಲ್ಲ. ಕಾಮಾ ಎಲ್ಲಿ ಅಂತ ಕೇಳಿದರು.

ಇದರಲ್ಲಿ ಒಂದು ಚಂದದ ಕೆಲಸ ಹಂಚಿಕೆ ಇದೆ ನೋಡಿ. ಯುಜಿಸಿಯ 2018ರ ಕೃತಿಚೌರ್ಯ ನಿಯಮದ ಪ್ರಕಾರ ಶೇಕಡಾ 10ರವರೆಗೆ ಹೋಲಿಕೆ ಇದ್ದರೆ ಶಿಕ್ಷೆಯಿಲ್ಲ. ಆ ಹೋಲಿಕೆ ಲೆಕ್ಕ ಹಾಕುವಾಗ ಗ್ರಂಥಸೂಚಿಯನ್ನು ಹೊರಗಿಡಬೇಕು. ಹಾಗಾಗಿ ಹೋಲಿಕೆ ಹುಡುಕುವ ಯಂತ್ರ ಗ್ರಂಥಸೂಚಿಯಂಥದ್ದನ್ನು ಬಿಟ್ಟು ಉಳಿದದ್ದೆಲ್ಲ ಓದುತ್ತದೆ. ಮನುಷ್ಯರು ಉಳಿದದ್ದೆಲ್ಲ ಬಿಟ್ಟು ಗ್ರಂಥಸೂಚಿ ಓದುತ್ತಾರೆ. ಇಬ್ಬರೂ ಸೇರಿ ಇಡೀ ಪ್ರಬಂಧ ಓದಿದಂತಾಯಿತು, ಅಲ್ವಾ?

ಅಕ್ಕನ ಮಗಳು ಝೊಟೆರೊ ಬಳಸುತ್ತಿದ್ದಳು. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಕೇಂದ್ರವೊಂದು 2006ರಲ್ಲಿ ಬಿಟ್ಟ ಪುಕ್ಕಟೆ ತಂತ್ರಾಂಶ ಅದು. ಪುಸ್ತಕದ ವಿವರ ಒಮ್ಮೆ ತುಂಬಿದರೆ ಸಾಕು, ಯಾವ ಶೈಲಿ ಬೇಕೋ ಆ ಶೈಲಿಯಲ್ಲಿ ಪಟ್ಟಿ ಕೊಡುತ್ತದೆ. ಶೈಲಿಗಳನ್ನು ಬರೆಯುವುದಕ್ಕೇ ಒಂದು ಭಾಷೆ ಇದೆ, ಸೈಟೇಷನ್ ಸ್ಟೈಲ್ ಲ್ಯಾಂಗ್ವೇಜ್. ಚಿಕ್ಕದಾಗಿ ಸಿಎಸ್‌ಎಲ್. ಒಂದೊಂದು ಶೈಲಿಗೆ ಕಂಪ್ಯೂಟರು ಓದುವ ಥರ ಟ್ಯಾಗ್ ಹಾಕಿ ಬರೆದ ಒಂದೊಂದು ಎಕ್ಸ್‌ಎಂಎಲ್ ಫೈಲು. ಇವನ್ನೆಲ್ಲ ಕೋಡ್ ಇಡುವ ಜಾಲತಾಣವಾದ ಗಿಟ್‌ಹಬ್‌ನಲ್ಲಿ ಒಂದೇ ಉಗ್ರಾಣದಲ್ಲಿ ಇಟ್ಟಿದ್ದಾರೆ. ಯಾರು ಬೇಕಾದರೂ ಬರೆದು ಕಳಿಸಬಹುದು, ಕೈಬೆರಳೆಣಿಕೆಯ ಸ್ವಯಂಸೇವಕರು ನೋಡಿ, ತಿದ್ದಿ, ಸೇರಿಸುತ್ತಾರೆ.

ಎಷ್ಟು ಶೈಲಿ ಇರಬಹುದು ಹೇಳಿ? ಹತ್ತು? ನೂರು? ಹತ್ತು ಸಾವಿರಕ್ಕೂ ಜಾಸ್ತಿ. ಪುಸ್ತಕ ಬರೆದವರು ಯಾರು, ಯಾವ ವರ್ಷ, ಹೆಸರೇನು, ಎಲ್ಲಿ ಸಿಗುತ್ತದೆ ಅಂತ ಹೇಳುವುದಕ್ಕೆ! ಮದುವೆ ಪತ್ರಿಕೆಗೂ ಇಷ್ಟು ನಮೂನೆ ಇರಲಾರದು. ಇವುಗಳಲ್ಲಿ ಬಹುಪಾಲು ಫೈಲುಗಳಲ್ಲಿ ಸ್ವಂತದ್ದು ಅಂತ ಏನೂ ಇಲ್ಲ. 'ನನ್ನ ಹೆಸರು ಇಂಥ ಜರ್ನಲ್, ನಮ್ಮಪ್ಪನ ಶೈಲಿಯೇ ನನ್ನ ಶೈಲಿ' ಎಂದು ಹೇಳಿ ಮುಗಿಸುತ್ತವೆ. ನಿಜವಾದ ತಲೆನೋವು ಉಳಿದವು. ಅವು ಸ್ವಂತ ಕಾಲ ಮೇಲೆ ನಿಂತ ಶೈಲಿಗಳು. ಪಕ್ಕದ ಮನೆಯವರು ಇಸವಿಗೆ ಆವರಣ ಹಾಕಿದರೆ ನಮ್ಮ ಮನೆಯಲ್ಲಿ ಹಾಕುವುದಿಲ್ಲ ಎನ್ನುವ ಮರ್ಯಾದಸ್ಥ ಕುಟುಂಬಗಳು.

ಹಾರ್ವರ್ಡ್ ಶೈಲಿಯನ್ನೇ ತೆಗೆದುಕೊಳ್ಳಿ. ಲೇಖಕರ ಹೆಸರು, ಆವರಣದಲ್ಲಿ ಇಸವಿ. 1881ರಲ್ಲಿ ಹಾರ್ವರ್ಡಿನ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಮಾರ್ಕ್ ಒಂದು ಲೇಖನದಲ್ಲಿ ಹೀಗೆ ಬರೆದರು. ಲೇಖನ ಯಾವುದರ ಬಗ್ಗೆ ಅಂದರೆ ಹುಳುವಿನ ಬಗ್ಗೆ. ಮಳೆಗಾಲದಲ್ಲಿ ಬಚ್ಚಲ ಗೋಡೆ ಮೇಲೆ ಲೋಳೆ ಬಿಟ್ಟುಕೊಂಡು ಹೋಗುತ್ತದಲ್ಲ, ಚಿಪ್ಪಿಲ್ಲದ ಬಸವನಹುಳು, ಆ ಜಾತಿ. ಅಲ್ಲಿಂದ ಹೊರಟ ಶೈಲಿ ಅದೇ ವೇಗದಲ್ಲಿ, ಹಾಗೇ ಅಂಟಿಕೊಂಡು ಲೋಕವೆಲ್ಲ ಹರಡಿತು. ತಮಾಷೆಯೆಂದರೆ 'ಹಾರ್ವರ್ಡ್ ಶೈಲಿ' ಅಂತ ಒಂದು ಅಧಿಕೃತ ನಿಯಮಪುಸ್ತಕವೇ ಇಲ್ಲ. ಊರೂರಿನ ಉಡುಪಿ ಹೋಟೆಲ್ ಇದ್ದ ಹಾಗೆ. ಬೋರ್ಡು ಒಂದೇ, ಸಾಂಬಾರು ಬೇರೆ ಬೇರೆ, ಮಾಲೀಕರು ಉಡುಪಿ ನೋಡಿರಬೇಕೆಂದೇನೂ ಇಲ್ಲ. ಸಿಎಸ್‌ಎಲ್ ಉಗ್ರಾಣದಲ್ಲಿ ಹಾರ್ವರ್ಡ್ ಎಂಬ ಹೆಸರಿಟ್ಟುಕೊಂಡ ಫೈಲುಗಳ ದೊಡ್ಡ ಸಾಲೇ ಇದೆ. ಒಂದೊಂದು ವಿಶ್ವವಿದ್ಯಾಲಯದ್ದು ಒಂದೊಂದು ಹಾರ್ವರ್ಡ್.

ಅಮೆರಿಕದ ಮನೋವಿಜ್ಞಾನಿಗಳ ಸಂಘದ ಎಪಿಎ ಶೈಲಿಯವರು ಹೀಗಲ್ಲ, ಅವರಿಗೆ ದಪ್ಪ ಪುಸ್ತಕವೇ ಇದೆ. ಅದರ ಸಿಎಸ್‌ಎಲ್ ಫೈಲೂ ಅಷ್ಟೇ, ಸಾವಿರ ಸಾಲು ದಾಟುತ್ತದೆ. 2019ರ ಏಳನೇ ಆವೃತ್ತಿಯ ಒಂದು ನಿಯಮ ನನಗೆ ತುಂಬ ಇಷ್ಟ. 20 ಲೇಖಕರವರೆಗೆ ಎಲ್ಲರ ಹೆಸರೂ ಬರೆಯಬೇಕು. 21 ಆದರೆ ಮೊದಲ 19 ಹೆಸರು, ಆಮೇಲೆ ಮೂರು ಚುಕ್ಕಿ, ಆಮೇಲೆ ಕೊನೆಯವರು. ಲೆಕ್ಕ ಹಾಕಿ ನೋಡಿ. 21 ಜನ ಸೇರಿ ಬರೆದರೆ ಬಿಟ್ಟುಹೋಗುವವರು ಒಬ್ಬರೇ, 20ನೆಯವರು. ಆ ಒಬ್ಬರ ಜಾಗದಲ್ಲಿ ಮೂರು ಚುಕ್ಕಿ. ಲ್ಯಾಬಿನಲ್ಲಿ ರಾತ್ರಿಯೆಲ್ಲ ನಿದ್ದೆಗೆಟ್ಟು ಚುಕ್ಕಿಯಾದ ಆ ಪುಣ್ಯಾತ್ಮರಿಗೆ ನನ್ನ ನಮಸ್ಕಾರ. ಇಂಥ ಚಾಳಿಗಾಗಿ ಸಿಎಸ್‌ಎಲ್‌ನಲ್ಲಿ 'ಕೊನೆಯವರನ್ನು ಉಳಿಸಿಕೋ' ಎಂದು ಹೇಳುವ ಆಜ್ಞೆ ಇಟ್ಟಿದ್ದಾರೆ.

ಇರಲಿ, ನಮ್ಮ ವಿಶ್ವವಿದ್ಯಾಲಯಕ್ಕೆ ಬರೋಣ. ಅದರ ಶೈಲಿ ಉಗ್ರಾಣದಲ್ಲಿ ಇರಲಿಲ್ಲ. ನಾನೇ ಬರೆದುಬಿಡುತ್ತೇನೆ, ಇವಳಿಗೂ ಆಯಿತು, ಮುಂದಿನ ಮಕ್ಕಳಿಗೂ ಆಯಿತು ಅಂದುಕೊಂಡೆ. ಪರೋಪಕಾರದ ಹುಚ್ಚು ಹಿಡಿಯುವುದು ಹೀಗೆಯೇ.

ನಿಯಮಾವಳಿ ಸಿಕ್ಕಿತು. ಓರೆಯಾಗಿ ಸ್ಕ್ಯಾನ್ ಆದ ಪಿಡಿಎಫ್. ಎರಡನೇ ಪುಟದ ಅಂಚಿನಲ್ಲಿ ಜೆರಾಕ್ಸ್ ಮಾಡಿದವರ ಹೆಬ್ಬೆರಳೂ ಅಚ್ಚಾಗಿತ್ತು. ಅದರಲ್ಲಿ ಏಳು ಮಾದರಿ ಉಲ್ಲೇಖಗಳು. ಒಂದನೆಯದರಲ್ಲಿ ಇಸವಿ ಆವರಣದಲ್ಲಿದೆ. ಎರಡನೆಯದರಲ್ಲಿ ಕೊನೆಗಿದೆ. ಮೂರನೆಯದರಲ್ಲಿ ಸಂಪುಟದ ಸಂಖ್ಯೆ ದಪ್ಪಕ್ಷರ, ಐದನೆಯದರಲ್ಲಿ ಓರೆ ಅಕ್ಷರ. ಏಳನೆಯದರಲ್ಲಿ ಇಸವಿಯೇ ಇಲ್ಲ. ಪ್ರಕಟಣೆಯ ಊರು ಕಡ್ಡಾಯ. ಎಪಿಎಯವರು ಊರನ್ನು ಕೈಬಿಟ್ಟು ವರ್ಷಗಳಾದವು, ನಮ್ಮವರಿಗೆ ಊರು ಬೇಕೇ ಬೇಕು. ನಾಲ್ಕನೆಯದರಲ್ಲಿ ಸರ್ ಎಂ.ವಿ. ಇದ್ದರು. ಮೋಕ್ಷಗುಂಡಂ ವಿಶ್ವೇಶ್ವರಯ್ಯ ಎಂಬ ಹೆಸರಿನಲ್ಲಿ ಮೋಕ್ಷಗುಂಡಂ ಅನ್ನುವುದು ಅವರ ಹಿರೀಕರ ಊರು. ಮಾದರಿಯಲ್ಲಿ 'ಮೋಕ್ಷಗುಂಡಂ, ವಿ.' ಅಂತ ಇತ್ತು. ಊರೇ ಪುಸ್ತಕ ಬರೆದ ಹಾಗಾಯಿತು, ಅಣೆಕಟ್ಟು ಕಟ್ಟಿಸಿದವರು ಬರೀ 'ವಿ' ಆಗಿ ಉಳಿದರು. ಊರು ಕಡ್ಡಾಯ ಅಂದದ್ದು ಇದಕ್ಕೇ ಇರಬೇಕು.

ಮನುಷ್ಯರು ಇಂಥದ್ದನ್ನು ಓದಿ ತಲೆಯಾಡಿಸಬಹುದು. ಎಕ್ಸ್‌ಎಂಎಲ್ ತಲೆಯಾಡಿಸುವುದಿಲ್ಲ. ಎಷ್ಟು ಲೇಖಕರಾದ ಮೇಲೆ 'ಮತ್ತಿತರರು' ಎನ್ನಬೇಕು? ಅಂಕಿ ಕೊಡು. ಎಷ್ಟು ಹೆಸರು ಉಳಿಸಬೇಕು? ಅಂಕಿ ಕೊಡು. ಕೊನೆಯ ಹೆಸರಿನ ಮುಂಚೆ 'ಆ್ಯಂಡ್' ಬೇಕಾ, ಚಿಹ್ನೆ ಬೇಕಾ? ಹೇಳು. ಯಾವ ಸಮಿತಿಯೂ ಇಷ್ಟು ವರ್ಷದಲ್ಲಿ ಕೇಳದ ಪ್ರಶ್ನೆಗಳನ್ನು ಆ ಫೈಲು ಅರ್ಧ ಗಂಟೆಯಲ್ಲಿ ಕೇಳಿತು. ನಾನು ಕಚೇರಿಗೆ ಹೋಗಿ ಅವನ್ನೇ ಕೇಳಿದೆ. ಗುಮಾಸ್ತರು ನಿಯಮಾವಳಿ ತಿರುವಿದರು. "ನಿಯಮದ ಪ್ರಕಾರ ಮಾಡಿ ಸರ್" ಅಂದರು. ನಿಯಮ ಎರಡು ಥರ ಇದೆಯಲ್ಲ ಅಂದೆ. "ಹಾಗಾದರೆ ಎರಡೂ ಥರ ಮಾಡಿ" ಅಂದರು.

ಕೊನೆಗೆ ಬಹುಮತದ ಮೇಲೆ ತೀರ್ಮಾನ ಮಾಡಿದೆ. ಏಳರಲ್ಲಿ ನಾಲ್ಕು ಮಾದರಿ ಏನು ಹೇಳುತ್ತವೋ ಅದು. ಆ ಚುಕ್ಕಿ ಎದುರಾದದ್ದು ಆರನೆಯದರಲ್ಲಿ.

ಇಂಗ್ಲಿಷಿನಲ್ಲಿ ಲೇಖಕರು ಜಾಸ್ತಿ ಇದ್ದರೆ 'ಎಟ್ ಆಲ್.' ಎಂದು ಬರೆಯುತ್ತಾರೆ. ಲ್ಯಾಟಿನ್ನಿನಿಂದ ಬಂದದ್ದು. 'ಎಟ್' ಅಂದರೆ 'ಮತ್ತು'. ಅದು ಪೂರ್ತಿ ಪದ, ಚುಕ್ಕಿ ಬೇಡ. 'ಆಲ್' ಮಾತ್ರ ತುಂಡು ಪದ, ಅದಕ್ಕೆ ಚುಕ್ಕಿ. ನಮ್ಮ ನಿಯಮಾವಳಿಯಲ್ಲಿ 'ಎಟ್. ಆಲ್.' ಅಂತ ಇತ್ತು. ಕನ್ನಡದಲ್ಲಿ 'ಮತ್ತು. ಇತರರು' ಅಂತ ಬರೆದ ಹಾಗೆ. ಯಾರೋ ಟೈಪಿಸ್ಟ್ ಬಿಕ್ಕಳಿಸಿದಾಗ ಬಿದ್ದ ಚುಕ್ಕಿ ಅಂದುಕೊಂಡು ತೆಗೆದು, ಒಂದು ಮಾದರಿ ಪಟ್ಟಿ ಮಾಡಿ ಕಚೇರಿಗೆ ತೋರಿಸಿದೆ. ಮೂರನೇ ದಿನ ಕೆಂಪು ಇಂಕಿನಲ್ಲಿ ಸುತ್ತು ಹಾಕಿ ಕೊಟ್ಟರು. ಚುಕ್ಕಿ ಎಲ್ಲಿ?

"ಸರ್, ಅದು ತಪ್ಪು" ಅಂದೆ.

"ತಪ್ಪೋ ಸರಿಯೋ, ಸಿಂಡಿಕೇಟ್ ಒಪ್ಪಿರುವ ಚುಕ್ಕಿ ಅದು" ಅಂದರು.

ಸಿಎಸ್‌ಎಲ್‌ನಲ್ಲಿ ಇಂಗ್ಲಿಷಿನ ಸರಿಯಾದ ರೂಪ ಮೊದಲೇ ಇರುತ್ತದೆ. ಸುಮ್ನೆ ಬಿಟ್ಟರೆ ಸರಿಯಾಗಿಯೇ ಬರುತ್ತದೆ. ತಪ್ಪು ಬರಬೇಕೆಂದರೆ ಮಾತ್ರ ಕಷ್ಟಪಡಬೇಕು. ಶೈಲಿಯ ಫೈಲಿನೊಳಗೆ ಭಾಷೆಯ ಪದಗಳನ್ನು ಇಡುವ ಲೊಕೇಲ್ ವಿಭಾಗವೊಂದನ್ನು ಬೇರೆ ತೆರೆದು, ಆ ಪದವನ್ನು ಹೊಸದಾಗಿ ಬರೆದು, ಎಟ್ ಮುಂದೆ ಕೈಯಾರೆ ಚುಕ್ಕಿ ಇಡಬೇಕು. ಇಟ್ಟೆ.

ಆಮೇಲೆ ಪುಲ್ ರಿಕ್ವೆಸ್ಟ್, ಅಂದರೆ ನನ್ನ ಫೈಲನ್ನು ಉಗ್ರಾಣಕ್ಕೆ ಸೇರಿಸಿಕೊಳ್ಳಿ ಎಂಬ ಅರ್ಜಿ. ಕಳಿಸಿದ ಕೂಡಲೇ ಒಂದು ಬಾಟ್ ಬಂದು ಉಪಚಾರದ ಮಾತಾಡಿ, ಫೈಲನ್ನು ಪರೀಕ್ಷೆಗೆ ಹಚ್ಚುತ್ತದೆ. ನನ್ನದು ಮೊದಲ ಸಲ ಫೇಲು. ಪಿಎಚ್‌ಡಿ ಹುಡುಗಿಯ ಸೋದರಮಾವ ಫೇಲಾದ ಸುದ್ದಿ ಮನೆಯಲ್ಲಿ ಎರಡು ದಿನ ಓಡಾಡಿತು. ಎಕ್ಸ್‌ಎಂಎಲ್‌ನಲ್ಲಿ ಒಂದು ಟ್ಯಾಗ್ ಮುಚ್ಚಿರಲಿಲ್ಲ. ಮುಚ್ಚಿ ಮತ್ತೆ ಕಳಿಸಿದೆ, ಪಾಸು.

ಅಲ್ಲಿ ಇನ್ನೊಂದು ಸಂಪ್ರದಾಯವಿದೆ. ಹೊಸ ಶೈಲಿ ಬೇಕು ಅಂತ ಕೇಳುವವರೆಲ್ಲ ಎರಡು ನಿಗದಿತ ಉಲ್ಲೇಖಗಳನ್ನು ತಮ್ಮ ಶೈಲಿಯಲ್ಲಿ ಬರೆದು ತೋರಿಸಬೇಕು. ಒಂದು, ಬಂಡವಾಳಶಾಹಿಯ ಬಗೆಗಳ ಕುರಿತು ಇಬ್ಬರು ಬರೆದ 2007ರ ಲೇಖನ. ಇನ್ನೊಂದು, ಕಂಪನಿಗಳು ಮತ್ತು ಕಲ್ಯಾಣ ರಾಜ್ಯದ ಬಗ್ಗೆ 2001ರ ಪುಸ್ತಕವೊಂದರ ಅಧ್ಯಾಯ. ಹಲ್ಲಿನ ಡಾಕ್ಟರ ಜರ್ನಲ್ಲಿಗೂ ಅದೇ, ಜೇನುಹುಳುವಿನ ಜರ್ನಲ್ಲಿಗೂ ಅದೇ. ಒಂದೇ ಅಳತೆಗೋಲು ಇದ್ದರೆ ಹೋಲಿಸಿ ನೋಡುವುದು ಸುಲಭ, ಹಾಗಾಗಿ ಬುದ್ಧಿವಂತ ಏರ್ಪಾಡೇ. ಆದರೆ ಈ ಎರಡನ್ನು ಭೂಮಿಯ ಮೇಲಿನ ಇಷ್ಟೊಂದು ಜನ ಕಾಮಾ ಸಮೇತ ಬಾಯಿಪಾಠ ಮಾಡಿದ್ದಾರಲ್ಲ, ಓದಿದವರು ಎಷ್ಟು ಜನವೋ. ನಾನಂತೂ ಓದಿಲ್ಲ. ಪುಟ 307ರಿಂದ 332 ಅಂತ ಮಾತ್ರ ನಿದ್ದೆಯಲ್ಲೂ ಹೇಳುತ್ತೇನೆ.

ಎರಡು ದಿನ ಬಿಟ್ಟು ಒಬ್ಬ ಸ್ವಯಂಸೇವಕರು ನನ್ನ ಫೈಲು ನೋಡಿದರು. ಅವರ ಕಡೆ ಆಗ ನಡುರಾತ್ರಿ ಇರಬೇಕು. ಸಾಲು ಸಾಲಾಗಿ ಓದಿದ್ದರು, ನಮ್ಮ ಆ ಓರೆ ಪಿಡಿಎಫ್ ಸಮೇತ. ಪ್ರಾಯಶಃ ಹೆಬ್ಬೆರಳನ್ನೂ. ಇಲ್ಲಿ ಸ್ಪೇಸ್ ಎರಡು ಸಲ ಬರುತ್ತದೆ, ಹೀಗೆ ಮಾಡಿ. ಸಂಪುಟ ಇಲ್ಲದ ಲೇಖನಕ್ಕೆ ಕಾಮಾ ಅನಾಥವಾಗುತ್ತದೆ, ಗುಂಪಿನೊಳಗೆ ಹಾಕಿ. ಕೊನೆಗೆ ಬಹಳ ವಿನಯದಿಂದ ಕೇಳಿದರು: ಎಟ್ ಆದಮೇಲೆ ಚುಕ್ಕಿ ಇದೆ, ಇದು ಅಚ್ಚಿನ ತಪ್ಪಿರಬಹುದೇ?

ಇಡೀ ಪ್ರಕರಣದಲ್ಲಿ ವಿಷಯ ಗೊತ್ತಿದ್ದು ಪ್ರಶ್ನೆ ಕೇಳಿದ ಮೊದಲ ಮನುಷ್ಯರು ಅವರು. ನನಗೆ ಕಣ್ಣಲ್ಲಿ ನೀರು ಬಂತು. "ತಪ್ಪು ಹೌದು, ಆದರೆ ಅಧಿಕೃತ ತಪ್ಪು" ಎಂದು ಬರೆದೆ. ಹಾಗಿದ್ದರೆ ದಾಖಲೆಯಲ್ಲಿ ಇದ್ದಂತೆಯೇ ಇರಲಿ ಎಂದು ಒಪ್ಪಿ ಸೇರಿಸಿಕೊಂಡರು. ಒಂದು ಪೈಸೆ ಸಂಬಳವಿಲ್ಲದೆ.

ನನಗೆ ಸಿಟ್ಟು ಬರುವುದು ಇಲ್ಲಿಯೇ. ಲೇಖನ ಬರೆದವರಿಗೆ ಜರ್ನಲ್ ದುಡ್ಡು ಕೊಡುವುದಿಲ್ಲ, ಪರಿಶೀಲಿಸಿದವರಿಗೂ ಸಾಮಾನ್ಯವಾಗಿ ಇಲ್ಲ. ಅವರ ಕಾಮಾದ ಹಟವನ್ನು ಕೋಡ್ ಮಾಡಿಕೊಡುವವರೂ ಪುಕ್ಕಟೆ. ಯಾರೂ ಮಾಡಿಕೊಡದೇ ಇದ್ದಿದ್ದರೆ? ಒಂದೊಂದು ಸಲ ಒಂದೊಂದು ಜರ್ನಲ್ಲಿಗೆ ನೂರಿಪ್ಪತ್ತು ಉಲ್ಲೇಖ ಕೈಯಲ್ಲಿ ತಿದ್ದಿ ತಿದ್ದಿ ಸಾಕಾದ ಸಂಶೋಧಕರು ಯಾವತ್ತೋ ಪೆನ್ನು ಎಸೆದು ಗಲಾಟೆ ಮಾಡುತ್ತಿದ್ದರು. ಹತ್ತು ಸಾವಿರ ಹೋಗಿ ಹತ್ತಕ್ಕೆ ಇಳಿಯುತ್ತಿತ್ತು. ಈಗ ಎಲ್ಲ ಒಂದು ಕ್ಲಿಕ್ಕಿನಲ್ಲಿ ಆಗುತ್ತದೆ, ಹಾಗಾಗಿ ಯಾರಿಗೂ ನೋವಿಲ್ಲ. ಹನ್ನೊಂದನೇ ಸಾವಿರಕ್ಕೂ ಜಾಗವಿದೆ. ಈ ಹುಚ್ಚಾಟಕ್ಕೆ ಎಣ್ಣೆ ಬಿಡುತ್ತಿರುವವರು ಲೋಕದ ಅತ್ಯಂತ ಒಳ್ಳೆಯ ಜನ. ಅವರ ಸಾಲಿನ ತುದಿಯಲ್ಲಿ ಈಗ ನಾನೂ ಒಂದು ಡಬ್ಬಿ ಹಿಡಿದು ನಿಂತಿದ್ದೇನೆ.

ಪ್ರಬಂಧ ಪಾಸಾಯಿತು. ಅಕ್ಕನ ಮಗಳು ಈಗ ಡಾಕ್ಟರು. ಪ್ರಬಂಧ ಪಿಎಚ್‌ಡಿ ಪ್ರಬಂಧಗಳ ಜಾಲಭಂಡಾರ ಶೋಧಗಂಗಾದಲ್ಲಿ ತೇಲುತ್ತಿದೆ, ಮೂವತ್ತಾರು ಜಾಗದಲ್ಲಿ ಎಟ್ ಮುಂದೆ ಚುಕ್ಕಿ ಇಟ್ಟುಕೊಂಡು. ನಾನೇ ಎಣಿಸಿದೆ.

ಮೊನ್ನೆ ಇನ್ನೊಬ್ಬ ಹುಡುಗನ ಕೆಲಸಕ್ಕೆ ಅದೇ ಕಚೇರಿಗೆ ಹೋಗಿದ್ದೆ. ಹೊಸ ಸುತ್ತೋಲೆ ಗೋಡೆಗೆ ಅಂಟಿಸಿದ್ದರು. ಹಳೆಯ ನಿಯಮಾವಳಿ ರದ್ದು, ಇನ್ನು ಮುಂದೆ ಝೊಟೆರೊದಲ್ಲಿ ಲಭ್ಯವಿರುವ ನಮ್ಮ ವಿಶ್ವವಿದ್ಯಾಲಯದ ಶೈಲಿಯನ್ನೇ ಬಳಸತಕ್ಕದ್ದು. ನನ್ನ ಫೈಲು! ನಿಧಾನವಾಗಿ ಗುಮಾಸ್ತರ ಹತ್ತಿರ ಹೋದೆ. ಹಳೆಯದು ರದ್ದಾಯಿತಲ್ಲ ಸರ್, ಈಗಲಾದರೂ ಆ ಎಟ್ ಮುಂದಿನ ಚುಕ್ಕಿ ತೆಗೆಸಬಹುದಾ ಅಂತ ಕೇಳಿದೆ.

ಅವರು ಕನ್ನಡಕ ಮೇಲೆ ಸರಿಸಿ ನನ್ನನ್ನು ನೋಡಿದರು. "ಅದನ್ನೆಲ್ಲ ಮುಟ್ಟೋಕಾಗಲ್ಲ ಸರ್. ಇಂಟರ್‌ನ್ಯಾಷನಲ್ ಸ್ಟ್ಯಾಂಡರ್ಡ್. ಸಾಫ್ಟ್‌ವೇರಲ್ಲೇ ಹಾಗಿದೆ."