ಟಕ್ ಅಂದರೆ ಕೆಲಸ, ಸುಮ್ಮನಿದ್ದರೆ ಕೊತ್ತಂಬರಿ

ಒತ್ತಿದಾಗಲೆಲ್ಲ ಸದ್ದು ಮಾಡುವ ಬ್ಲೂ ಸ್ವಿಚ್ ಕೀಬೋರ್ಡ್ ಇಷ್ಟಪಡುವವನು ಒಂಟಿಯಾಗಿರಬೇಕು. ಇಲ್ಲಾ, ರೈಲು ಹಳಿ ಪಕ್ಕದಲ್ಲಿ ಮನೆ ಮಾಡಬೇಕು. ನನಗೆ ಎರಡೂ ಭಾಗ್ಯವಿಲ್ಲ. ನಮ್ಮ ಮನೆ ಇರುವುದು ತುಮಕೂರಿನ ಎಸ್.ಎಸ್. ಪುರಂ ಹತ್ತಿರದ ಒಂದು ಒಳರಸ್ತೆಯಲ್ಲಿ. ಮಧ್ಯಾಹ್ನದ ಹೊತ್ತು ಎದುರು ಮನೆಯ ಮಿಕ್ಸಿ ನಿಂತರೂ ಗೊತ್ತಾಗುವಷ್ಟು ನಿಶ್ಶಬ್ದ. ಮನೆಯಲ್ಲಿ ಅಪ್ಪ, ಅಮ್ಮ, ಹೆಂಡತಿ, ಮಗಳು. ಇವರ ನಡುವೆ ಕೂತು ನಾನು ಟಕ ಟಕ ಟಕ ಅಂತ ಹೊಟ್ಟೆಪಾಡು ನೋಡಿಕೊಳ್ಳಬೇಕು.

ಈ ಹುಚ್ಚು ಹಿಡಿಯದ ಪುಣ್ಯವಂತರಿಗಾಗಿ ಸ್ವಲ್ಪ ವಿವರಣೆ. ಮಾಮೂಲಿ ಕೀಬೋರ್ಡನ್ನು ಬಿಚ್ಚಿ ನೋಡಿ. ಒಳಗೆ ಗುಳ್ಳೆ ಗುಳ್ಳೆಯ ರಬ್ಬರ್ ಹಾಳೆ, ಅದರ ಕೆಳಗೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಗಳು. ಕೀ ಒತ್ತಿದರೆ ಗುಳ್ಳೆ ಕುಸಿದು ಹಾಳೆಗೆ ಹಾಳೆ ತಾಗುತ್ತದೆ. ಅಕ್ಷರ ಬೀಳುತ್ತದೆ. ಅಷ್ಟೇ ಕಥೆ. ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಒಂದೊಂದು ಕೀಗೂ ಅದರದೇ ಸ್ವಿಚ್ಚು, ಅದರದೇ ಸ್ಪ್ರಿಂಗು. ಜರ್ಮನಿಯ ಚೆರ್ರಿ ಕಂಪನಿ 1980ರ ದಶಕದಲ್ಲಿ ತಂದ ಎಂಎಕ್ಸ್ ಸ್ವಿಚ್ಚುಗಳದ್ದೇ ಈಗಲೂ ಮೇಲ್ಪಂಕ್ತಿ. ಪೇಟೆಂಟ್ ಅವಧಿ ಮುಗಿದ ಮೇಲೆ ಚೀನಾದವರು ಅದೇ ನಮೂನೆಯನ್ನು ಅಗ್ಗಕ್ಕೆ ಮಾಡಲು ಶುರು ಮಾಡಿದರು. ಹಾಗಾಗಿ ನನ್ನಂಥವರ ಮೇಜಿನವರೆಗೂ ಅದು ಬಂತು.

ಸ್ವಿಚ್ಚುಗಳನ್ನು ಬಣ್ಣದಿಂದ ಗುರುತಿಸುತ್ತಾರೆ. ಕೆಂಪು ನಯವಾಗಿ ಇಳಿಯುತ್ತದೆ, ಸದ್ದು ಕಡಿಮೆ. ಗೇಮ್ ಆಡುವ ಹುಡುಗರಿಗೆ ಅದೇ ಬೇಕು. ನನಗೆ ಆಗುವುದಿಲ್ಲ. ಯೋಚನೆ ಮಾಡುತ್ತಾ ಬೆರಳು ಸ್ವಲ್ಪ ಭಾರ ಬಿಟ್ಟರೆ ಪರದೆಯ ತುಂಬ ಸಸಸಸಸ. ಕಂದು ಅತ್ತ ಸದ್ದೂ ಮಾಡಲ್ಲ, ಇತ್ತ ಪೂರ್ತಿ ನಯವೂ ಅಲ್ಲ. ನಡುವೆ ಒಂದು ಚಿಕ್ಕ ಉಬ್ಬು ಬೆರಳಿಗೆ ಸಿಗುತ್ತದೆ, ಸಿಕ್ಕಿತಾ ಅಂತ ನೋಡುವಷ್ಟರಲ್ಲಿ ಮಾಯ. ಶುದ್ಧ ಎಡಬಿಡಂಗಿ. ಕಂದು ಇಷ್ಟ ಅನ್ನುವವರು ಜಗಳಕ್ಕೆ ಬರಬಹುದು, ಬರಲಿ. ನೀಲಿಯದ್ದು ಮಾತ್ರ ನೇರ ಸ್ವಭಾವ. ಒಳಗೆ ಒಂದು ಪುಟ್ಟ ಪ್ಲಾಸ್ಟಿಕ್ ಚೂರು ಇದೆ. ಕೀ ಅರ್ಧ ಇಳಿದಾಗ ಅದು ಕೆಳಕ್ಕೆ ಜಿಗಿದು ಟಿಕ್ ಅನ್ನುತ್ತದೆ. ಸದ್ದು ಮಾಡಲಿಕ್ಕೆ ಅಂತಲೇ ಇಟ್ಟ ಭಾಗ ಅದು. ಅದಕ್ಕೇ ನನಗೆ ಅದು ಇಷ್ಟ. ಮನೆಯ ಉಳಿದವರಿಗೆ ಕಷ್ಟ ಆಗಿದ್ದೂ ಅದಕ್ಕೇ.

ನಮ್ಮೂರಲ್ಲಿ ಇಂಥದ್ದನ್ನು ಒತ್ತಿ ನೋಡಿ ಕೊಳ್ಳುವುದು ಕಷ್ಟ. ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೇಳಿದೆ. ಅಂಗಡಿಯವರು ಬೆಲೆ ಕೇಳಿಸಿಕೊಂಡು, "ಅಷ್ಟು ಯಾಕೆ ಸಾರ್, ಮುನ್ನೂರೈವತ್ತಕ್ಕೆ ಒಳ್ಳೇದು ಬರುತ್ತೆ, ಜೊತೆಗೆ ಮೌಸ್ ಪ್ಯಾಡ್ ಕೊಡ್ತೀನಿ" ಅಂದರು. ಕೊನೆಗೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ತಂದೆ. ವಾಪಸ್ ಬರುವಾಗ ರೈಲಿನಲ್ಲಿ ನೂಕುನುಗ್ಗಲು. ಡಬ್ಬವನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡು ನಿಂತಿದ್ದೆ. ಪಕ್ಕದವರು, "ಹಾರ್ಮೋನಿಯಮ್ಮಾ?" ಅಂತ ವಿಚಾರಿಸಿದರು. ಹೌದು ಅಂದುಬಿಟ್ಟೆ. ಸ್ವಿಚ್ಚಿನ ಬಣ್ಣದ ಕಥೆ ಶುರು ಮಾಡಿದ್ದರೆ ಕ್ಯಾತ್ಸಂದ್ರ ಬಂದರೂ ಮುಗಿಯುತ್ತಿರಲಿಲ್ಲ.

ಮೊದಲ ದಿನವೇ ಅಮ್ಮ ಬಾಗಿಲಲ್ಲಿ ನಿಂತು ಕೇಳಿದರು, "ಏನೋ ಅದು, ನಾಲ್ಕು ಜನ ಕೂತ್ಕೊಂಡು ಕಡಲೆಕಾಯಿ ಸುಲಿದಂಗಿದೆ?" ಹೆಂಡತಿಗೆ ಹಾಗೆ ನಯವಾಗಿ ಹೇಳುವಷ್ಟು ತಾಳ್ಮೆ ಇಲ್ಲ. ಅವಳದ್ದು ಲ್ಯಾಪ್‌ಟಾಪಿನ ಚಪ್ಪಟೆ ಕೀಬೋರ್ಡು. ಅದರ ಮೇಲೆ ಬೆರಳು ಆಡಿದ್ದೂ ತಿಳಿಯುವುದಿಲ್ಲ, ಕೆಲಸ ಮುಗಿದದ್ದೂ ತಿಳಿಯುವುದಿಲ್ಲ.

"ರೀ, ಅಕ್ಷರ ಬಂದಿದ್ದು ಕಣ್ಣಿಗೆ ಕಾಣುತ್ತಲ್ಲ? ಕಿವಿಗೂ ಯಾಕೆ ಕೇಳಬೇಕು?"

ನ್ಯಾಯವಾದ ಪ್ರಶ್ನೆ. ಉತ್ತರ ಹೊಳೆಯದೆ ನಾನು ಇತಿಹಾಸಕ್ಕೆ ಹೋದೆ. 1985ರಲ್ಲಿ ಐಬಿಎಂನವರು ಮಾಡೆಲ್ ಎಂ ಅಂತ ಒಂದು ಕೀಬೋರ್ಡ್ ತಂದರು, ಅದರಲ್ಲಿ ಸ್ಪ್ರಿಂಗೇ ಬಾಗಿ ಟಕ್ ಅನ್ನುತ್ತಿತ್ತು, ಎರಡು ಕೆಜಿಗೂ ಜಾಸ್ತಿ ತೂಕ, ಇವತ್ತಿಗೂ ಜನ ಹುಡುಕಿ ಹುಡುಕಿ ಬಳಸುತ್ತಾರೆ, ಹೀಗೆಲ್ಲ.

"ಅದನ್ನೇ ತರಬೇಕಿತ್ತು. ಕಳ್ಳರು ಬಂದಾಗ ಉಪಯೋಗಕ್ಕಾದ್ರೂ ಬರ್ತಿತ್ತು" ಅಂದಳು.

ಸದ್ದು ಕಡಿಮೆ ಮಾಡಲು ಕೀಗಳ ಕೆಳಗೆ ಪುಟಾಣಿ ರಬ್ಬರ್ ಉಂಗುರ ಹಾಕಿದೆ. ಅದು ಕೀ ತಳಕ್ಕೆ ಬಡಿಯುವ ಸದ್ದನ್ನು ತಡೆಯುತ್ತದೆ. ಒಳಗಿನ ಟಿಕ್ ಹಾಗೇ ಉಳಿಯಿತು. ಅಮ್ಮ ಹಳೇ ಜಮಖಾನೆಯನ್ನು ಮಡಿಸಿ ಅಡಿಗೆ ಹಾಸಿದರು. ಕೀಬೋರ್ಡು ಎತ್ತರಕ್ಕೆ ಏರಿತು, ನನ್ನ ಮಣಿಕಟ್ಟು ನೋಯಿತು, ಸದ್ದು ಅಷ್ಟೇ ಇತ್ತು. ಆಫೀಸಿನ ಮೀಟಿಂಗ್‌ಗಳಲ್ಲಂತೂ ನಾನು ಮೈಕ್ ಬಂದ್ ಮಾಡಿಕೊಂಡೇ ಕೂರುವ ಹಾಗಾಯಿತು. ಮೈಕ್ ತೆರೆದು ಟೈಪ್ ಮಾಡಿದರೆ ಆ ಕಡೆಯವರಿಗೆ ಬೇರೇನೂ ಕೇಳುತ್ತಿರಲಿಲ್ಲ.

ಮನೆಯಲ್ಲಿ ನನ್ನ ಪರವಾಗಿದ್ದದ್ದು ಅಪ್ಪ ಒಬ್ಬರೇ. ಅವರು ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವರು. ಕೆಲಸ ಮಾಡಿದ್ದು ಗೋದ್ರೆಜ್ ಟೈಪ್‌ರೈಟರ್ ಮೇಲೆ. ಗೋದ್ರೆಜ್‌ನವರು ಟೈಪ್‌ರೈಟರ್ ಮಾಡಲು ಶುರು ಮಾಡಿದ್ದು 1955ರಲ್ಲಿ. ಅಪ್ಪ ಹುಟ್ಟಿದ್ದೂ ಅದೇ ವರ್ಷ. ಓರಗೆಯವರು. ನಡುನಡುವೆ ಕಾರ್ಬನ್ ಹಾಳೆ ಇಟ್ಟು ನಾಲ್ಕು ಪ್ರತಿ ತೆಗೆಯಬೇಕು, ಕೊನೆಯ ಪ್ರತಿಯೂ ವಕೀಲರ ಕಣ್ಣಿಗೆ ಕಾಣಬೇಕು. ಅಂದರೆ ಪ್ರತಿ ಅಕ್ಷರಕ್ಕೂ ಗುದ್ದೇ ಗತಿ. ಆ ಗುದ್ದು ಅವರ ಬೆರಳಿನಿಂದ ಇನ್ನೂ ಹೋಗಿಲ್ಲ. ನನ್ನ ಕೀಬೋರ್ಡ್ ಮುಂದೆ ಕೂತು ಎರಡು ಸಾಲು ಹೊಡೆದರು. ಎಂಟರ್ ಬಂದಾಗ ಮೇಜು ಅಲುಗಿತು.

"ಅಪ್ಪ, ಅಷ್ಟು ಒತ್ತಬೇಕಾಗಿಲ್ಲ. ಕೀ ನಾಲ್ಕು ಮಿಲಿಮೀಟರ್ ಇಳಿಯುತ್ತೆ, ಎರಡು ಮಿಲಿಮೀಟರ್‌ಗೇ ಅಕ್ಷರ ಬಂದಿರುತ್ತೆ" ಅಂದೆ.

"ತಳ ಮುಟ್ಟದೆ ಅಕ್ಷರ ಮೂಡುತ್ತೇನೋ?" ಅಂದರು. ಮೂಡಿದ್ದನ್ನು ತೋರಿಸಿದೆ. ನಂಬಲಿಲ್ಲ.

ಅವರಿಗೆ ಕನ್ನಡ ಟೈಪಿಂಗೂ ಬೇಕಿತ್ತು. ಕೆ.ಪಿ. ರಾವ್ ಅವರ ಕನ್ನಡ ಕೀಲಿಮಣೆ ವಿನ್ಯಾಸ, ನುಡಿ ತಂತ್ರಾಂಶದಲ್ಲಿ ಇರುವಂಥದ್ದು, ಇಂಗ್ಲಿಷ್ ಅಕ್ಷರ ಗೊತ್ತಿದ್ದವರಿಗೆ ಬೇಗ ಕೈಗೆ ಹತ್ತುತ್ತದೆ. ಒತ್ತಕ್ಷರ ಬೇಕಾದಾಗಲೆಲ್ಲ ನಡುವೆ ಎಫ್ ಒತ್ತಬೇಕು. ಕೆ, ಎಫ್, ಕೆ ಅಂದರೆ ಕ್ಕ. ತುಮಕೂರು ಅಂತ ಬರೆಯಲು ಎಫ್ ಬೇಕಾಗಿಯೇ ಇಲ್ಲ, ಕೋಲಾರಕ್ಕೂ ಬೇಡ. ಚಿಕ್ಕಬಳ್ಳಾಪುರದವರು ಮಾತ್ರ ಊರಿನ ಹೆಸರಿಗೇ ಎರಡು ಸಲ ಒತ್ತಬೇಕು. ಅವರ ಎಫ್ ಬೇಗ ಸವೆಯುತ್ತದೇನೋ, ಪಾಪ. ಅಪ್ಪನ ಕೈಯಲ್ಲಿ ಮಾತ್ರ ಎಲ್ಲ ಕೀಗೂ ಸಮಪಾಲು ಏಟು.

ಆ ಏಟಿನಿಂದಲೋ, ಧೂಳಿನಿಂದಲೋ, ಸೊನ್ನೆಯ ಕೀ ಕೈಕೊಟ್ಟಿತು. ಈ ರೋಗಕ್ಕೆ ಚಾಟರ್ ಅಂತ ಹೆಸರು. ಸ್ವಿಚ್ಚಿನ ಒಳಗೆ ಲೋಹದ ಎರಡು ಪಟ್ಟಿ ತಾಗುವಾಗ ಕ್ಷಣಮಾತ್ರ ಪುಟಿಯುತ್ತವೆ. ಸೆಕೆಂಡಿನ ಸಾವಿರದಲ್ಲಿ ಕೆಲವು ಭಾಗ ಅಷ್ಟೇ. ಕೀಬೋರ್ಡು ಅದನ್ನು ಲೆಕ್ಕಕ್ಕೆ ಹಿಡಿಯದೆ ಸ್ವಲ್ಪ ಕಾಯುತ್ತದೆ. ಸ್ವಿಚ್ಚು ಕೆಟ್ಟರೆ ಪುಟಿತ ಜಾಸ್ತಿಯಾಗಿ, ಒಮ್ಮೆ ಒತ್ತಿದ್ದು ಎರಡು ಸಲ ಒತ್ತಿದ ಹಾಗೆ ದಾಖಲಾಗುತ್ತದೆ. ಬೇರೆ ಯಾವ ಕೀಗೆ ಬಂದಿದ್ದರೂ ನಗುತ್ತಾ ತಿದ್ದಿಕೊಳ್ಳಬಹುದಿತ್ತು. ಬಂದದ್ದು ಸೊನ್ನೆಗೆ. ಅದೂ ಅಪ್ಪನ ಎಪ್ಪತ್ತರ ಶಾಂತಿಯ ಹಿಂದಿನ ವಾರ.

ಅಡುಗೆ ಕಾಂಟ್ರ್ಯಾಕ್ಟರ್ ಗುಬ್ಬಿ ಕಡೆಯವರು. ಅವರಿಗೆ ಕಂಪ್ಯೂಟರಿನಿಂದಲೇ ವಾಟ್ಸಾಪ್‌ನಲ್ಲಿ ಪಟ್ಟಿ ಕಳಿಸಿದೆ. ಬೆಳಗ್ಗೆ ತಿಂಡಿ 50 ಜನ, ಮಧ್ಯಾಹ್ನ ಊಟ 150 ಜನ. ಅವರಿಗೆ ತಲುಪಿದ್ದು 500 ಮತ್ತು 1500. ಒಂದು ಥಮ್ಸ್ ಅಪ್ ಬಂತು. ನಾನೂ ನೆಮ್ಮದಿಯಾಗಿದ್ದೆ. ಮೂರನೇ ದಿನ ಫೋನು.

"ಸಾರ್, ಹೋಳಿಗೆಗೆ ಇನ್ನೂ ಆರು ಜನ ಹೆಂಗಸರನ್ನ ಕರ್ಕೊಂಡು ಬರಬೇಕಾಗುತ್ತೆ. ತಪ್ಪು ತಿಳ್ಕೋಬೇಡಿ, ಯಜಮಾನ್ರು ಎಲೆಕ್ಷನ್‌ಗೇನಾದ್ರೂ ನಿಲ್ತಾ ಇದಾರಾ?"

ಅಷ್ಟರಲ್ಲಿ ಅವರು ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ಬಾಳೆ ಎಲೆಗೆ ಹೇಳಿಟ್ಟಿದ್ದರು. ಹಾಲಿಗೂ ಹೇಳಿದ್ದರು. ನಾನು ಕೀಬೋರ್ಡಿನ ದೋಷವನ್ನು ವಿವರಿಸಲು ಹೋದೆ. ಲೋಹದ ಪಟ್ಟಿ, ಪುಟಿತ, ಮಿಲಿಸೆಕೆಂಡು. ಅವರು ಎಲ್ಲವನ್ನೂ ಶಾಂತವಾಗಿ ಕೇಳಿಸಿಕೊಂಡು, "ಅದೆಲ್ಲ ಸರಿ ಸಾರ್, ಎಲೆ ಅಡ್ವಾನ್ಸ್ ಯಾರು ಕೊಡ್ತಾರೆ?" ಅಂದರು. ಕೊಟ್ಟೆ. ಅಮ್ಮನಿಗೆ ವಿಷಯ ತಿಳಿದು ಮನೆಯಲ್ಲಿ ಒಂದು ಸುತ್ತು ಮಂಗಳಾರತಿ ಆಯಿತು. ಅಪ್ಪ ಮಾತ್ರ ಬೇಜಾರು ಮಾಡಿಕೊಂಡ ಹಾಗೆ ಕಾಣಲಿಲ್ಲ. ಸಂಜೆ ಕಾಫಿ ಕುಡಿಯುತ್ತಾ, "ಕರೆದಿದ್ರೆ ಸಾವಿರ ಜನಕ್ಕೇನೂ ಮೋಸ ಇರಲಿಲ್ಲ" ಅಂದರು.

ನನ್ನದು ಸ್ವಿಚ್ಚುಗಳನ್ನು ಕಿತ್ತು ಬದಲಿಸಬಹುದಾದ ಕೀಬೋರ್ಡು. ಬೆಸುಗೆ ಬೇಕಾಗಿಲ್ಲ, ಚಿಮಟದಂಥ ಒಂದು ಸಾಧನ ಸಾಕು. ಸೊನ್ನೆಯ ಸ್ವಿಚ್ಚನ್ನು ಕಿತ್ತು ಸ್ಕ್ರೋಲ್ ಲಾಕ್‌ಗೆ ಹಾಕಿದೆ, ಅದರದ್ದನ್ನು ಸೊನ್ನೆಗೆ ತಂದೆ. ಸ್ಕ್ರೋಲ್ ಲಾಕ್ ಒತ್ತಿದವರನ್ನು ನೀವು ಯಾರಾದರೂ ನೋಡಿದ್ದೀರಾ? ಮಾಮೂಲಿ ಕೀಬೋರ್ಡಿನಲ್ಲಿ ಒಂದು ಕೀ ಹೋದರೆ ಇಡೀ ಹಲಗೆಯೇ ಗುಜರಿಗೆ. ನನ್ನ ಪ್ರೀತಿಗೆ ಇದೂ ಒಂದು ಕಾರಣ ಅಂತ ಹೆಂಡತಿಗೆ ಹೇಳಿದೆ. ಎಲೆಯ ಅಡ್ವಾನ್ಸಿನಲ್ಲಿ ಮಾಮೂಲಿ ಕೀಬೋರ್ಡು ಎಷ್ಟು ಬರುತ್ತಿತ್ತು ಅಂತ ಅವಳು ಕೇಳಿದಳು. ಸಿಕ್ಕಾಪಟ್ಟೆ ಬರುತ್ತಿತ್ತು.

ಅಕ್ಕನ ಮಗನ ಕೀಬೋರ್ಡಿನ ಕಥೆ ಬೇರೆ. ಅದು ಬಣ್ಣಬಣ್ಣದ ದೀಪದ್ದು. ಗಣೇಶನ ಹಬ್ಬಕ್ಕೆ ಮಂಟಪದ ಸೀರಿಯಲ್ ಸೆಟ್ ಸುಟ್ಟುಹೋದಾಗ, ಅಮ್ಮ ಅದನ್ನೇ ಗಣಪನ ಹಿಂದೆ ಒರಗಿಸಿ ನಿಲ್ಲಿಸಿದರು. ಚೆನ್ನಾಗಿಯೇ ಕಾಣುತ್ತಿತ್ತು, ಬಂದವರೆಲ್ಲ ಎಲ್ಲಿ ತಂದಿರಿ ಅಂತ ಕೇಳಿದರು. ವಿಸರ್ಜನೆ ಆದ ಮೇಲೆ ಹುಡುಗ ಗೇಮಿಗೆ ಕೂತರೆ ಸ್ಪೇಸ್ ಬಾರ್ ಇಳಿಯಲೊಲ್ಲದು. ತೆಗೆದು ನೋಡಿದರೆ ಕೆಳಗೆ ಅಕ್ಷತೆ. ಆಶೀರ್ವಾದ ಜಾಸ್ತಿಯಾಗಿತ್ತು.

ಕೊನೆಗೆ ನನ್ನ ಹುಟ್ಟುಹಬ್ಬಕ್ಕೆ ಹೆಂಡತಿಯೇ ಒಂದು ಹೊಸ ಕೀಬೋರ್ಡ್ ತರಿಸಿದಳು. ಸೈಲೆಂಟ್ ರೆಡ್. ಕೀ ತಳ ಮುಟ್ಟುವ ಕಡೆ, ವಾಪಸ್ ಬಂದು ನಿಲ್ಲುವ ಕಡೆ, ಎರಡೂ ಕಡೆ ಮೆತ್ತಗಿನ ರಬ್ಬರ್. ಉಡುಗೊರೆ ಯಾರಿಗೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮನೆ ತಣ್ಣಗಾಯಿತು. ನನ್ನ ಪಾಡು ಶುರುವಾದದ್ದು ಆಮೇಲೆ.

ಮೊದಲು ನನ್ನ ಕೋಣೆಯಿಂದ ಟಕ ಟಕ ಕೇಳುತ್ತಿದ್ದರೆ ಯಾರೂ ಬಾಗಿಲು ತಟ್ಟುತ್ತಿರಲಿಲ್ಲ. ಬೈದುಕೊಂಡಾದರೂ, ಕೆಲಸ ಮಾಡುತ್ತಿದ್ದಾನೆ ಅಂತ ಒಪ್ಪಿಕೊಂಡಿದ್ದರು. ಈಗ ಸದ್ದಿಲ್ಲ. ಸದ್ದಿಲ್ಲ ಅಂದರೆ ಮಗ ಖಾಲಿ ಕೂತಿದ್ದಾನೆ ಅಂತ ಅಮ್ಮನ ಲೆಕ್ಕ. "ಸುಮ್ನೆ ಕೂತಿದೀಯಲ್ಲ, ಹಂಗೇ ಹೋಗಿ ಒಂದು ಕಟ್ಟು ಕೊತ್ತಂಬರಿ ತಗೊಂಡು ಬಾ." ಕೊತ್ತಂಬರಿ ತಂದರೆ ಕರಿಬೇವು ಮರೆತಿರುತ್ತಾರೆ. ಎದುರು ಮನೆ ಆಂಟಿಗೆ ಆನ್‌ಲೈನ್ ಅರ್ಜಿ ತುಂಬಿಕೊಡಬೇಕು. ಮಗಳ ಪ್ರಾಜೆಕ್ಟಿಗೆ ಥರ್ಮಾಕೋಲ್ ಬೇಕು. ಕೆಲಸ ಇದೆ ಅಂದರೆ ಅಮ್ಮ ಒಂದು ಕ್ಷಣ ಕಿವಿಗೊಟ್ಟು ಕೇಳುತ್ತಾರೆ, ಏನೂ ಕೇಳದೆ ಚೀಲ ಕೈಗೆ ಕೊಡುತ್ತಾರೆ.

ಹಳೇ ನೀಲಿಯನ್ನು ಮತ್ತೆ ಹೊರತೆಗೆಯೋಣ ಅಂತ ನೋಡಿದರೆ ಅದು ಆಗಲೇ ಅಪ್ಪನ ಕೋಣೆ ಸೇರಿತ್ತು. ರಸ್ತೆಯ ಚರಂಡಿಗೆ ಮುಚ್ಚಳ ಇಲ್ಲ ಅಂತ ಅವರು ಮನವಿ ಬರೆಯುತ್ತಿದ್ದಾರೆ. ಬೀದಿನಾಯಿ ಬಗ್ಗೆ ಇನ್ನೊಂದು. ಪತ್ರಿಕೆಗಳಿಗೆ ಬೇರೆ. ಹಗಲೆಲ್ಲ ಗುದ್ದು. ಆಶ್ಚರ್ಯ ಅಂದರೆ ಅಮ್ಮನಿಗೆ ಈಗ ಆ ಸದ್ದಿನಿಂದ ತೊಂದರೆಯೇ ಇಲ್ಲ. ಯಾರಾದರೂ ಮನೆಗೆ ಬಂದರೆ ದನಿ ತಗ್ಗಿಸಿ, "ಅವರು ಬರೀತಾ ಇದಾರೆ" ಅನ್ನುತ್ತಾರೆ.

ನನ್ನ ಸೈಲೆಂಟ್ ಕೀಬೋರ್ಡಿನಿಂದ ಒಂದು ಅನುಕೂಲ ಆಗಿತ್ತು. ಮೀಟಿಂಗ್‌ನಲ್ಲಿ ಮೈಕ್ ಬಂದ್ ಮಾಡುವ ತಾಪತ್ರಯ ಇರಲಿಲ್ಲ. ಮೊನ್ನೆ ಹಾಗೇ ಮೈಕ್ ತೆರೆದಿಟ್ಟು ತಿಂಗಳ ಲೆಕ್ಕ ಒಪ್ಪಿಸುತ್ತಿದ್ದೆ. ಬಾಗಿಲು ತೆರೆಯಿತು.

"ಲೋ, ಹೆಂಗಿದ್ರೂ ಖಾಲಿ ಇದೀಯ. ಗ್ಯಾಸ್‌ನೋರು ಬಂದವ್ರೆ, ಸಿಲಿಂಡರ್ ಒಳಗಿಡು. ಹಂಗೇ ಅಂಗಡಿಗೆ ಹೋಗಿ ಕೊತ್ತಂಬರಿ ತಾ. ನಿಮ್ಮಪ್ಪಂಗೆ ಹೇಳೋಣ ಅಂದ್ರೆ ಪಾಪ ಕೆಲಸದಲ್ಲವ್ರೆ."

ನಮ್ಮ ಮ್ಯಾನೇಜರ್ ಹಾಸನದವರು.

"ಹೋಗಿ ಬನ್ನಿ ಸಾರ್, ನಾವು ಕಾಯ್ತೀವಿ" ಅಂದರು.